ಭೋಂಗಾ ಕೂಗಿದ ಊರಿನ ಅಕ್ಷಾಂಶ

ನಮ್ಮದು ಶರಣರ ಊರು. ತಿಥಿ, ಘಳಿಗೆ, ರಾಹುಕಾಲ ಎಲ್ಲ ಸುಳ್ಳು, ಮನುಷ್ಯನ ನಡತೆಯೊಂದೇ ಖರೆ ಎಂದು ನನ್ನಪ್ಪ ವೇದಿಕೆಯ ಮೇಲೆ ನಿಂತು ಹೇಳುವುದನ್ನು ನಾನು ಚಿಕ್ಕವಳಿದ್ದಾಗಿನಿಂದ ಕೇಳಿದ್ದೇನೆ. ಬಸವಕಲ್ಯಾಣದ ಪೇಟೆಯಲ್ಲಿ ಅಪ್ಪನ ಬಟ್ಟೆ ಅಂಗಡಿ ಇತ್ತು. ಹಗಲೆಲ್ಲ ಗಜಕಡ್ಡಿ ಹಿಡಿದು ಬಟ್ಟೆ ಅಳೆಯುವುದು, ಸಂಜೆ ಎಲ್ಲಿ ಸಭೆ ಇದ್ದರೂ ಬಿಳಿ ಧೋತರ ಉಟ್ಟುಕೊಂಡು ಹೋಗಿ ಮಾತಾಡುವುದು. ಚಲೋ ಮಾತಾಡುತ್ತಿದ್ದ. ಜನ ಚಪ್ಪಾಳೆ ತಟ್ಟುತ್ತಿದ್ದರು. ಹೆಂಗಸರ ಸಾಲಿನಲ್ಲಿ ಅವ್ವನ ಪಕ್ಕ ಕೂತು ನಾನೂ ತಟ್ಟಿದ್ದೇನೆ.

ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ತೊಂಬತ್ತರ ದಶಕದ ಶುರುವಿನಲ್ಲಿ, ನಾನು ಪಿಯುಸಿ ಮುಗಿಸಿ ಮನೆಯಲ್ಲಿ ಕೂತ ವರ್ಷ, ಅಪ್ಪ ಜಾತಕ ಬರೆಯುವ ಒಬ್ಬ ಜೋಶಿಯನ್ನು ಮನೆಗೆ ಕರೆಸಿದ. ಮುಂಬಾಗಿಲಿನಿಂದ ಅಲ್ಲ, ಹಿತ್ತಲ ಬಾಗಿಲಿನಿಂದ. ಓಣಿಯಲ್ಲಿ ಯಾರಾದರೂ ನೋಡಿದರೆ ಭಾಷಣಕ್ಕೆ ಧಕ್ಕೆ ಬರುತ್ತಿತ್ತಲ್ಲ. ನಮ್ಮ ಓಣಿಯ ಬಹುತೇಕ ಮನೆಗಳಿಗೆ ಅದೇ ಜೋಶಿ ಅದೇ ಹಿತ್ತಲ ಬಾಗಿಲಿನಿಂದ ಬರುತ್ತಿದ್ದ ಅನ್ನುವುದು ಬೇರೆ ಮಾತು. ಎಲ್ಲರಿಗೂ ಗೊತ್ತಿತ್ತು, ಯಾರೂ ನೋಡಿರಲಿಲ್ಲ.

ನಾನು ನಡುಮನೆಯಲ್ಲಿ ತೊಗರಿಬೇಳೆ ಆರಿಸುತ್ತ ಕೂತಿದ್ದೆ. ಮಾತು ಕೇಳಿಸುತ್ತಿತ್ತು.

"ಹುಟ್ಟಿದ ವ್ಯಾಳ್ಯಾ?" ಜೋಶಿ ಕೇಳಿದ.

"ಮುಂಜಾನಿ ಏಳು. ಬರಾಬರ್ ಏಳು," ಅಂದ ಅಪ್ಪ.

"ಜಗಾ?"

"ಕಲ್ಯಾಣ. ನಮ್ಮ ಊರು ಕಲ್ಯಾಣ ಅಲ್ಲೇನ್ರಿ, ಮತ್ತ್ಯಾವುದು?"

ಅವ್ವ ಚಹಾದ ಕಪ್ಪು ಹಿಡಿದು ಬಾಗಿಲ ತನಕ ಹೋಗಿದ್ದಳು. ಪರದೆ ಸರಿಸಲು ಕೈ ಎತ್ತಿದವಳು ಯಾಕೋ ತಿರುಗಿ ಒಳಗೆ ಬಂದಳು, ಸ್ವಲ್ಪ ಹೊತ್ತು ಒಲೆಯ ಮುಂದೆ ನಿಂತು ಮತ್ತೆ ತೆಗೆದುಕೊಂಡು ಹೋದಳು. ಆಗ ನನಗೆ ಅದರಲ್ಲಿ ಏನೂ ಕಾಣಲಿಲ್ಲ.

ನಾನು ಹುಟ್ಟಿದ್ದು ಕಲ್ಯಾಣದಲ್ಲಿ ಅಲ್ಲ, ಸೊಲ್ಲಾಪುರದಲ್ಲಿ. ಮೊದಲ ಹೆರಿಗೆ ತವರಿನಲ್ಲೇ ಆಗಬೇಕು ಅನ್ನುವುದು ನಮ್ಮ ಕಡೆಯ ಪದ್ಧತಿ. ಅವ್ವನ ಅಪ್ಪ ಸೊಲ್ಲಾಪುರದ ಗಿರಣಿಯಲ್ಲಿ ಮಗ್ಗದ ಕೆಲಸದವರು, ಗಿರಣಿಗೆ ಹತ್ತಿದ ಚಾಳಿನಲ್ಲಿ, ಅಂದರೆ ಕೆಲಸಗಾರರ ಸಾಲುಮನೆಗಳಲ್ಲಿ, ಒಂದು ಕೋಣೆಯ ಮನೆ. ಬೆಳಗಿನ ಪಾಳಿಯ ಭೋಂಗಾ, ಅಂದರೆ ಗಿರಣಿಯ ಸೈರನ್, ಕೂಗುವುದಕ್ಕೂ ನಾನು ಹೊರಗೆ ಬಿದ್ದು ಅಳುವುದಕ್ಕೂ ಸರಿಹೋಯಿತಂತೆ. ಈ ಕಥೆಯನ್ನು ಅವ್ವ ನನ್ನ ಪ್ರತಿ ಹುಟ್ಟಿದ ದಿನಕ್ಕೂ ಹೇಳುತ್ತಿದ್ದಳು. ಅಪ್ಪನ ಆ "ಬರಾಬರ್ ಏಳು" ಬಂದಿದ್ದೂ ಆ ಭೋಂಗಾದಿಂದಲೇ. ಕಲ್ಯಾಣದಲ್ಲಿ ಯಾವ ಗಿರಣಿ, ಯಾವ ಭೋಂಗಾ? ಆದರೂ ಸಮಯ ಸೊಲ್ಲಾಪುರದ್ದು, ಊರು ಕಲ್ಯಾಣದ್ದು ಅನ್ನುವುದು ಯಾರಿಗೂ ವಿಚಿತ್ರ ಅನಿಸಲಿಲ್ಲ. ನಮ್ಮಲ್ಲಿ ಹೆಣ್ಣು ತವರಿನಲ್ಲಿ ಹೆರುತ್ತಾಳೆ, ಕೂಸು ಮಾತ್ರ ಅಪ್ಪನ ಊರಿನಲ್ಲಿ ಹುಟ್ಟುತ್ತದೆ. ಶಾಲೆಯಲ್ಲೂ ಹಾಗೇ ಬರೆಸುತ್ತಾರೆ. ಅಲ್ಲದೆ ಮಗಳು ಚಾಳಿನಲ್ಲಿ ಹುಟ್ಟಿದಳು ಎಂದು ಜೋಶಿಯ ಮುಂದೆ ಹೇಳಲು ಅಪ್ಪನ ಅಂಗಡಿಯ ಮರ್ಯಾದೆ ಒಪ್ಪುತ್ತಿರಲಿಲ್ಲ.

ಜೋಶಿ ಪಂಚಾಂಗ ತಿರುವಿ, ಬೆರಳೆಣಿಸಿ, ಎಂಟನೇ ಮನೆಯಲ್ಲಿ ಮಂಗಳ ಅಂದ. ಗಂಡನ ಆಯುಷ್ಯಕ್ಕೆ ಒಳ್ಳೆಯದಲ್ಲ ಅಂದ.

ಆ ವರ್ಷವೇ ದುಬಲಗುಂಡಿಯಿಂದ ಒಬ್ಬ ಹೈಸ್ಕೂಲ್ ಮಾಸ್ತರು ನನ್ನನ್ನು ನೋಡಲು ಬಂದರು. ಜೊತೆಗೆ ಅವರ ಸೋದರತ್ತೆ. ಮಾಸ್ತರು ನನ್ನ ಕಡೆ ನೋಡಿ, "ಏನೇನ್ ಓದ್ತೀರಿ?" ಅಂತ ಕೇಳಿದರು. "ಕೈಗಿ ಸಿಕ್ಕದ್ದೆಲ್ಲಾ ಓದ್ತೀನ್ರಿ, ಭಜಿ ಕಟ್ಟಿದ ಪೇಪರನೂ ಬಿಡಾಂಗಿಲ್ಲ," ಅಂದೆ. ಅವರು ಬಾಯಿ ತುಂಬ ನಕ್ಕರು. ಸೋದರತ್ತೆ ನಗಲಿಲ್ಲ. ನೋಡಲು ಬಂದವರ ಮುಂದೆ ನೆಲ ನೋಡುತ್ತ ಕೂತಿರುತ್ತಿದ್ದ ನಾನು ಅವತ್ತು ತಲೆ ಎತ್ತಿ ನೋಡಿದೆ. ಅವರ ಅಂಗಿಯ ಜೇಬಿಗೆ ಸೀಮೆಸುಣ್ಣದ ಪುಡಿ ಹತ್ತಿತ್ತು. ಇವರಾದರೆ ಆದೀತು ಎಂದು ನನ್ನ ಮನಸ್ಸು ಅಲ್ಲೇ ಹೇಳಿತು. ಈ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ, ಈಗ ಬರೆಯುತ್ತಿದ್ದೇನೆ.

ಒಂದು ವಾರಕ್ಕೆ ಉತ್ತರ ಬಂತು. ಹುಡುಗಿ ಚಲೋ ಅದಾಳ, ಮನಿ ಚಲೋ ಅದ, ಎಂಟನೇ ಮನಿಯ ಮಂಗಳ ಗಂಡನ್ನ ನುಂಗ್ತದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆಮೇಲೆ ಬಂದ ಸಂಬಂಧಗಳೂ ಹೀಗೇ ಒಂದೊಂದಾಗಿ ಮುರಿದವು. ಆ ಮಂಗಳನ ಸುದ್ದಿ ನನಗಿಂತ ಮುಂಚೆ ಬಸ್ಸು ಹತ್ತಿ ಹೋಗುತ್ತಿತ್ತು. ಭಾಲ್ಕಿಯವರಿಗೂ ಗೊತ್ತು, ಔರಾದಿನವರಿಗೂ ಗೊತ್ತು. ಅಪ್ಪ ಮಾತ್ರ ಸಂಜೆಯ ಸಭೆಗಳಲ್ಲಿ ಗ್ರಹಗತಿ ಸುಳ್ಳು ಅನ್ನುವುದನ್ನು ಬಿಟ್ಟಿರಲಿಲ್ಲ.

ಕೊನೆಗೆ ಹುಮನಾಬಾದಿನ ಒಂದು ಸಂಬಂಧ ಕೂಡಿಬಂತು. ಬಸ್ ಸ್ಟ್ಯಾಂಡಿನ ಎದುರು ಎಸ್‌ಟಿಡಿ ಬೂತು, ಝೆರಾಕ್ಸ್ ಅಂಗಡಿ. ಮೊದಲ ಹೆಂಡತಿ ಕಾಮಾಲೆಯಲ್ಲಿ ತೀರಿಕೊಂಡಿದ್ದಳು. ಅವರ ಜಾತಕದಲ್ಲೂ ಮಂಗಳ ಇದ್ದನಂತೆ, ದೋಷಕ್ಕೆ ದೋಷ ಹೊಡೆದುಹೋಗುತ್ತದಂತೆ. ನನಗೆ ಇಪ್ಪತ್ತಾರು ದಾಟಿತ್ತು, ಯಾರೂ ನನ್ನನ್ನು ಕೇಳಲಿಲ್ಲ. ಮನೆ ತುಂಬಿಸಿಕೊಂಡ ದಿನ ಮೊದಲು ನಮಸ್ಕಾರ ಮಾಡಿಸಿದ್ದು ಗೋಡೆಯ ಮೇಲೆ ಹಾರ ಹಾಕಿಸಿಕೊಂಡಿದ್ದ ಆ ಮೊದಲ ಹೆಂಡತಿಯ ಫೋಟೋಗೆ. ನನ್ನ ಗಂಡ ಕೆಟ್ಟವರಲ್ಲ. ಆದರೆ ಜನ ಬಂದು, "ನೋಡು, ಎಷ್ಟು ಒಳ್ಳೆಯವ ಸಿಕ್ಕಾನ," ಅಂದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ನನಗೆ ಸಿಕ್ಕಿದ್ದು ಅಂದರೆ ಏನು? ನಾನು ಹುಡುಕಿದ್ದೆನೇ?

ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ದಿನಕ್ಕೆ ಎಲ್ಲರ ಕೈಗೂ ಮೊಬೈಲ್ ಬಂತು, ಬೂತಿನ ಧಂದೆ ಬಿದ್ದಿತು. ಇವರು ಎರಡು ಕಂಪ್ಯೂಟರ್ ತಂದು ಇಂಟರ್ನೆಟ್ ಸೆಂಟರ್ ಮಾಡಿದರು. ಅದರ ಜೊತೆಗೇ ಹೈದರಾಬಾದಿನಿಂದ ಜಾತಕ ತೆಗೆಯುವ ಸಿಡಿಯನ್ನೂ ತಂದರು. ಹೆಸರು, ತಾರೀಖು, ಸಮಯ, ಊರು ಹಾಕಿದರೆ ಹನ್ನೆರಡು ಮನೆಯ ಕುಂಡಲಿ ಬಣ್ಣದಲ್ಲಿ ಮುದ್ರಣವಾಗಿ ಬರುತ್ತಿತ್ತು. ಎಂಟನೇ ಮನೆಯವಳು ಕೊನೆಗೆ ಜಾತಕದ ಅಂಗಡಿಯಲ್ಲೇ ಬಂದು ಕೂತಳು ನೋಡಿ. ಜನ ಮುಗಿಬಿದ್ದರು. ಕಲ್ಯಾಣದ ನಮ್ಮ ಓಣಿಯವರೂ ಬಂದರು. ಹಿತ್ತಲ ಬಾಗಿಲಿನ ತೊಂದರೆ ಇಲ್ಲಿರಲಿಲ್ಲ, ಇಂಟರ್ನೆಟ್ ಸೆಂಟರಿಗೆ ಬಂದವರು ಏನು ನೋಡುತ್ತಾರೆ ಎಂದು ಯಾರು ಕೇಳುತ್ತಾರೆ?

ಒಂದು ದಿನ ಮನ್ನಾಏಖೇಳ್ಳಿಯ ರೈತರೊಬ್ಬರು ಸಿಟ್ಟಿಗೆದ್ದು ಬಂದರು. ಕೈಯಲ್ಲಿ ಮಗಳ ಜಾತಕ.

"ನಿಮ್ಮ ಕಂಪ್ಯೂಟರಿಗಿ ಹುಚ್ಚ ಹಿಡದದೇನ್ರಿ? ನಮ್ಮ ಜೋಶಿ ಒಂದು ಲಗ್ನ ಹೇಳ್ತಾನ, ನಿಮ್ಮ ಕಾಗದದಾಗ ಮತ್ತೊಂದು ಅದ. ಯಾವುದು ಖರೆ ಹಿಡೀಲಿ?"

ನಾನು ಕೂತು ನೋಡಿದೆ. ಸಿಡಿಯ ಊರುಗಳ ಪಟ್ಟಿಯಲ್ಲಿ ದೊಡ್ಡ ಊರುಗಳಷ್ಟೇ ಇದ್ದವು. ಹುಮನಾಬಾದ್ ಇಲ್ಲ, ಕಲ್ಯಾಣ ಇಲ್ಲ, ಮನ್ನಾಏಖೇಳ್ಳಿಯಂತೂ ದೂರದ ಮಾತು. ಇವರು ಬಂದವರಿಗೆಲ್ಲ ಕಣ್ಣು ಮುಚ್ಚಿ ಹೈದರಾಬಾದ್ ಎಂದು ಒತ್ತುತ್ತಿದ್ದರು. ನಿಜಾಮ ಹೋಗಿ ಎಷ್ಟು ಕಾಲವಾದರೂ ನಮ್ಮ ಕಡೆಯವರಿಗೆ ಪಟ್ಟಣ ಅಂದರೆ ಹೈದರಾಬಾದೇ. ಪಟ್ಟಿಯ ಕೆಳಗೆ ಎರಡು ಖಾಲಿ ಚೌಕ ಇದ್ದವು. ಅಕ್ಷಾಂಶ, ರೇಖಾಂಶ. ಊರು ಪಟ್ಟಿಯಲ್ಲಿ ಇಲ್ಲದಿದ್ದರೆ ಅವನ್ನು ತುಂಬಬೇಕು. ರೇಖಾಂಶ ಒಂದು ಸರಿದರೆ ಸೂರ್ಯ ನಾಲ್ಕು ನಿಮಿಷ ಸರಿಯುತ್ತಾನೆ, ಲಗ್ನ, ಅಂದರೆ ಹುಟ್ಟಿದ ಘಳಿಗೆಗೆ ಮೂಡಣದಲ್ಲಿ ಏಳುವ ರಾಶಿ, ಅಂಚಿನಲ್ಲಿದ್ದರೆ ಆ ನಾಲ್ಕು ನಿಮಿಷಕ್ಕೆ ಹನ್ನೆರಡೂ ಮನೆ ಒಂದೊಂದು ಜಾಗ ಸರಿದು ಕೂರುತ್ತವೆ. ಇದನ್ನು ಸಿಡಿಯ ಜೊತೆ ಬಂದ ಪುಸ್ತಿಕೆಯಲ್ಲಿ ಓದಿದೆ. ಭಜಿಯ ಪೇಪರ್ ಓದುವ ಚಟ ಅಲ್ಲಿ ಉಪಯೋಗಕ್ಕೆ ಬಂತು.

ಅವತ್ತಿನಿಂದ ಊರು ಹುಡುಕುವುದು ನನ್ನ ಕೆಲಸವಾಯಿತು. ಇಂಟರ್ನೆಟ್ಟಿನಲ್ಲಿ ಆಗಷ್ಟೇ ಆಕಾಶದಿಂದ ತೆಗೆದ ಚಿತ್ರಗಳ ನಕ್ಷೆ ಬಂದಿತ್ತು. ನಕ್ಷೆಯ ಒಂದೊಂದು ತುಂಡು ಪರದೆಯ ಮೇಲೆ ಮೂಡುವಷ್ಟರಲ್ಲಿ ಒಂದು ಹಿಡಿ ಶೇಂಗಾ ತಿಂದು ಮುಗಿಸಬಹುದು. ಊರ ಹೆಸರು ಹೊಡೆದರೆ ಸಿಗುತ್ತಿರಲಿಲ್ಲ. ಕಲ್ಯಾಣ ಎಂದು ಹೊಡೆದರೆ ಮುಂಬೈ ಹತ್ತಿರ ಎಲ್ಲೋ ಒಯ್ದು ಬಿಡುತ್ತಿತ್ತು. ಹುಮನಾಬಾದ್ ಎಂದರೆ ಊರ ಹೊರಗಿನ ಜೋಳದ ಹೊಲದಲ್ಲಿ ಗುರುತು ಬೀಳುತ್ತಿತ್ತು. ಬಂದವರ ವಿಳಾಸವೋ, "ಅಗಸಿ ದಾಟಿ, ಹನುಮಪ್ಪನ ಗುಡಿ ಹಿಂದ, ಬೇವಿನ ಗಿಡ ಅದ ನೋಡ್ರಿ" ಅನ್ನುವ ತರಹದ್ದು. ಅದೇ ಉಪಯೋಗಕ್ಕೆ ಬರುತ್ತಿತ್ತು. ಹೆದ್ದಾರಿ ಹಿಡಿದು ಮೌಸಿನಿಂದ ಸರಿಸುತ್ತ ಹೋಗಿ ಮನ್ನಾಏಖೇಳ್ಳಿಯನ್ನು ಹಿಡಿದೆ. ಗುಡಿಯ ಕಲ್ಲಿನ ಮಾಳಿಗೆ ನೋಡಿ ನಾರಾಯಣಪುರವನ್ನು ಹಿಡಿದೆ. ಜಾಗ ಪರದೆಯ ನಟ್ಟನಡುವೆ ಬರುವಂತೆ ಸರಿಸಿ, ಆ ಪುಟದ ಕೊಂಡಿ ತೆಗೆದರೆ ಅದರ ಉದ್ದನೆಯ ಅಕ್ಷರಗಳ ನಡುವೆ ಆ ಎರಡು ಅಂಕಿ ಅಡಗಿರುತ್ತಿದ್ದವು. ಹದಿನೇಳು ಚಿಲ್ಲರೆ, ಎಪ್ಪತ್ತೇಳು ಚಿಲ್ಲರೆ. ಅವನ್ನು ಎತ್ತಿ ಚೌಕದಲ್ಲಿ ಹಾಕುವುದು.

ದುಬಲಗುಂಡಿಯನ್ನೂ ಹುಡುಕಬೇಕಾಗಿ ಬಂತು. ಯಾರದೋ ಕೂಸಿಗೆ. ಹತ್ತಿರ ತಂದು ನೋಡಿದೆ. ಮಣ್ಣಿನ ಮಾಳಿಗೆಗಳು, ತಗಡುಗಳು, ಶಾಲೆಯ ಅಂಗಳ. ಇವುಗಳಲ್ಲಿ ಒಂದರ ಕೆಳಗೆ ನಾನಿರಬೇಕಿತ್ತು. ಎದುರಿಗೆ ಕೂತ ಹೆಂಗಸು, "ಸಿಕ್ತೇನ್ರಿ ಅಕ್ಕಾ?" ಅಂದಳು. ಸಿಕ್ಕಿತು ಅಂದೆ.

ಆ ಸಂಜೆಯೇ ನನ್ನ ತಾರೀಖು, ಏಳು ಗಂಟೆ, ಕಲ್ಯಾಣದ ಎರಡು ಅಂಕಿ ಹಾಕಿ ಒತ್ತಿದೆ. ಎಂಟನೇ ಮನೆಯಲ್ಲಿ ಮಂಗಳ. ಜೋಶಿಯ ಲೆಕ್ಕ ತಪ್ಪಿರಲಿಲ್ಲ. ಆದರೆ ಲಗ್ನ ಬದಲಾಗಿ ಎರಡು ಮೂರು ನಿಮಿಷವಷ್ಟೇ ಆಗಿತ್ತು. ಆಗ ನನಗೆ ಭೋಂಗಾ ನೆನಪಾಯಿತು. ಸೊಲ್ಲಾಪುರ ನಮಗಿಂತ ಒಂದು ರೇಖಾಂಶ ಪಡುವಣಕ್ಕೆ. ನಾಲ್ಕು ನಿಮಿಷ. ಅಂದರೆ ಅಲ್ಲಿಯ ಏಳು ಗಂಟೆಗೆ ಲಗ್ನ ಇನ್ನೂ ಬದಲಾಗಿರಲಿಕ್ಕಿಲ್ಲ.

ಸಿಡಿಯ ಪಟ್ಟಿಯಲ್ಲಿ ಸೊಲ್ಲಾಪುರ ಇತ್ತು. ಅದನ್ನು ಒತ್ತಿದ್ದರೆ ಮುಗಿಯುತ್ತಿತ್ತು. ನಾನು ಒತ್ತಲಿಲ್ಲ. ಅಂದಾಜಿನ ಊರಿನಿಂದಲೇ ನನ್ನ ಬದುಕು ಕೆಟ್ಟಿದ್ದು, ಇನ್ನೊಂದು ಅಂದಾಜು ನನಗೆ ಬೇಡವಾಗಿತ್ತು. ನನಗೆ ಆ ಚಾಳೇ ಬೇಕಿತ್ತು, ಆ ಕೋಣೆಯೇ ಬೇಕಿತ್ತು.

ಅವ್ವ ಕಣ್ಣು ತೋರಿಸಿಕೊಳ್ಳಲು ಹುಮನಾಬಾದಿಗೆ ಬಂದಾಗ, ಒಂದು ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತಿಗೆ ಪಕ್ಕದಲ್ಲಿ ಕೂರಿಸಿಕೊಂಡೆ. ಅಜ್ಜನ ವಿಳಾಸ ಹೊಡೆದರೆ ನಕ್ಷೆ ಊರ ನಡುವಿನ ಕೆರೆಯಲ್ಲಿ ಗುರುತು ಹಾಕಿತು. ಅವ್ವ ನಕ್ಕಳು. "ನಿಮ್ಮಜ್ಜನ್ನ ನೀರಾಗ ಹಾಕ್ತದಲ್ಲ ಇದು!" ಮೇಲಿನಿಂದ ನೋಡಿದ ಊರು ಅವಳಿಗೆ ಗುರುತು ಹತ್ತಲಿಲ್ಲ. ಅವಳು ಆ ಊರನ್ನು ನಡೆದು ನೋಡಿದವಳು. ಗಿರಣಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಆಮೇಲೆ ಮುರಿದ ಮಾಳಿಗೆಗಳ ನಡುವೆ ನನಗೊಂದು ಉದ್ದನೆಯ ಕಪ್ಪು ಗೆರೆ ಕಂಡಿತು. ಚಿಮಣಿಯ ನೆರಳು.

"ಅದೇ ನೋಡು ಚಿಮಣಿ!" ಅವ್ವ ಪರದೆಗೆ ಬೆರಳು ಹಚ್ಚಿದಳು. "ಸಂಜಿ ಆದ್ರ ಅದರ ನೆರಳು ನಮ್ಮ ಚಾಳಿನ ಮ್ಯಾಲ ಬೀಳ್ತಿತ್ತು. ಹಪ್ಪಳ ಒಣಗ್ಸೋಕ ಬಿಡ್ತಿರಲಿಲ್ಲ ಹಾಟ್ಯಾಂದು."

ಚಿತ್ರದಲ್ಲಿ ನೆರಳು ಪಡುವಣಕ್ಕೆ ಬಿದ್ದಿತ್ತು, ಅಂದರೆ ಬೆಳಿಗ್ಗೆ ತೆಗೆದ ಚಿತ್ರ. ಸಂಜೆಯ ನೆರಳು ಬೀಳುವ ಚಾಳು ಚಿಮಣಿಯ ಇನ್ನೊಂದು ಕಡೆ ಇರಬೇಕು. ಮೂಡಣಕ್ಕೆ ಸರಿಸಿದೆ. ಸಾಲು ಮನೆಗಳು, ಕೊನೆಗೊಂದು ನಲ್ಲಿಯ ಕಟ್ಟೆ. ಅವ್ವ ಸಾಲಿನ ಮನೆಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟುತ್ತ ಬಂದು ಒಂದರ ಮೇಲೆ ನಿಲ್ಲಿಸಿದಳು. "ಇಲ್ಲಿ," ಅಂದಳು.

ಆ ಬೆರಳಿನ ಜಾಗವನ್ನು ಪರದೆಯ ನಡುವೆ ತಂದು, ಅಂಕಿ ತೆಗೆದು, ಚೌಕದಲ್ಲಿ ಹಾಕಿ ಒತ್ತಿದೆ. ಲಗ್ನ ಒಂದು ಮನೆ ಹಿಂದೆ ಸರಿಯಿತು. ಮಂಗಳ ಒಂಬತ್ತರಲ್ಲಿ ಬಂದು ಕೂತ. ಒಂಬತ್ತನೆಯದು ಭಾಗ್ಯಸ್ಥಾನ. ದೋಷ ಇಲ್ಲ ಎಂದು ಕೆಳಗೆ ದಪ್ಪ ಅಕ್ಷರದಲ್ಲಿ ಬಂತು.

ನಾನು ಇದನ್ನೆಲ್ಲ ನಂಬುವವಳಲ್ಲ. ಅಪ್ಪನ ಭಾಷಣವನ್ನು ನಮ್ಮ ಮನೆಯಲ್ಲಿ ನಂಬಿದವಳು ನಾನೊಬ್ಬಳೇ. ಮಂಗಳ ಎಂಟರಲ್ಲಿದ್ದರೇನು, ಹಳ್ಳದಲ್ಲಿದ್ದರೇನು! ಆದರೂ ಅವತ್ತು ಗೋಳೋ ಎಂದು ಅತ್ತೆ. ಸುಳ್ಳಿನ ಲೆಕ್ಕ ಹಾಕಿ ನನ್ನನ್ನು ಮೂಲೆಗೆ ಕೂರಿಸುವುದೇ ಆಗಿದ್ದರೆ ಆ ಲೆಕ್ಕವಾದರೂ ಸರಿ ಇರಬೇಕಿತ್ತು. ಸುಳ್ಳೂ ನನ್ನ ಪಾಲಿಗೆ ನೆಟ್ಟಗಿನದು ಬರಲಿಲ್ಲ.

ಅವ್ವನನ್ನು ಬಿಡಲು ಕಲ್ಯಾಣಕ್ಕೆ ಹೋದಾಗ ಎರಡು ಜಾತಕವನ್ನೂ ಅಪ್ಪನ ಮುಂದೆ ಇಟ್ಟೆ. ನನಗೆ ಬೇಕಾಗಿದ್ದದ್ದು ಒಂದೇ ಮಾತು. ತಪ್ಪಾತು ಮಗಳೇ. ಅಷ್ಟು ಸಾಕಿತ್ತು, ಉಳಿದದ್ದನ್ನು ನಾನು ನುಂಗಿಕೊಳ್ಳುತ್ತಿದ್ದೆ.

"ಅಪ್ಪಾ, ಜೋಶಿಗಿ ಸೊಲ್ಲಾಪುರ ಅಂತ ಯಾಕ ಹೇಳಲಿಲ್ರಿ?"

ಅಪ್ಪ ಕನ್ನಡಕ ಏರಿಸಿ ಎರಡೂ ಕಾಗದ ನೋಡಿದ. ತಿರುಗಿಸಿ ಹಿಂಬದಿಯನ್ನೂ ನೋಡಿದ.

"ಹೆರಿಗಿ ತವರಾಗ ಆಗ್ತದ, ಊರು ಅಪ್ಪಂದೇ ಇರ್ತದ. ಇದರಾಗ ತಪ್ಪೇನದ? ಊರಿನವರೆಲ್ಲ ಹಾಂಗೇ ಹೇಳ್ತಾರ."

"ಊರಿನವರ ಮಾತಲ್ಲ, ನನ್ನ ಮಾತ ಹೇಳ್ರಿ."

"ಈಗ ನಿನಗೇನ ಕಮ್ಮಿ ಆಗ್ಯಾದ? ಗಂಡ ಚಲೋ ಅದಾನ, ಅಂಗಡಿ ಅದ. ಖಾಲಿಪೀಲಿ ಹಳೇದು ಕೆದರಬ್ಯಾಡ." ಕಾಗದಗಳನ್ನು ಮಡಚಿ ನನ್ನ ಕೈಗೇ ಕೊಟ್ಟ. "ಅಲ್ಲದ ನಾ ಇಂಥಾವೆಲ್ಲಾ ನಂಬಾಂವಲ್ಲ."

ನಾನು ಎದ್ದು ಅಡುಗೆಮನೆಗೆ ಹೋದೆ. ಅವ್ವ ಚಹಾ ಸೋಸುತ್ತಿದ್ದಳು. ನನ್ನ ಕಡೆ ತಿರುಗದೆ ಹೇಳಿದಳು.

"ಅವತ್ತು ಬಾಗಲ ತನಾ ಬಂದಿದ್ದೆ. ಸೊಲ್ಲಾಪುರ ಅಂತ ಬಾಯಿಗಿ ಬಂದಿತ್ತು. ಗಂಡಸರ ಮಾತಿನಾಗ ಹ್ಯಾಂಗ ಬಾಯಿ ಹಾಕಲಿ? ಚಹಾ ಆರ್‍ಯಾದ ಅಂತ ನೆವ ಮಾಡಿ ಒಳಗ ಬಂದೆ."

"ಹಡದಾಕಿ ನೀ ಅಲ್ಲೇನವ್ವ?"

"ಹಡದಾಕಿಗಿ ಯಾರ ಕೇಳಿದ್ರು?" ಅಂದಳು, ಕಪ್ಪನ್ನು ನನ್ನ ಮುಂದಿಟ್ಟಳು. ನನಗೆ ಅವಳ ಮೇಲೂ ಸಿಟ್ಟು ಬಂತು. ಆ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ. ಆ ಚಹಾ ಕುಡಿಯದೆ ಬಸ್ಸಿಗೆ ಹೋದೆ.

ಮುಂದಿನ ವರ್ಷ ತಮ್ಮನ ಹೆಂಡತಿ ತವರಿಗೆ ಹೋಗಿ ಲಾತೂರಿನಲ್ಲಿ ಹೆತ್ತಳು. ಅಂಗಡಿಗೆ ಅಪ್ಪನ ಫೋನ್ ಬಂತು, ದವಾಖಾನೆಯಿಂದಲೇ. ಹಿಂದೆ ಜನರ ಗದ್ದಲ ಕೇಳುತ್ತಿತ್ತು.

"ಗಂಡು ಆಗ್ಯಾದ! ಜಾತಕ ತೆಗಿ. ವ್ಯಾಳ್ಯಾ ನರ್ಸಿಗಿ ಕೇಳಿ ಬರಸಿಕೊಂಡೀನಿ, ಹೇಳ್ತೀನಿ ಬರಕೋ."

ಬರೆದುಕೊಂಡೆ. "ಊರು ಕಲ್ಯಾಣ ಅಲ್ಲೇನ್ರಿ ಅಪ್ಪಾ?" ಅಂದೆ.



"ಕಲ್ಯಾಣ ಹಾಕಬ್ಯಾಡ," ಅಂದ ಅಪ್ಪ. ದನಿ ತಗ್ಗಿತ್ತು. "ಲಾತೂರ ಹಾಕು. ದವಾಖಾನಿ ಬಸ್ ಸ್ಟ್ಯಾಂಡಿನ ಹಿಂದ ಅದ, ಬಾಜೂಕ ದೊಡ್ಡ ನೀರಿನ ಟಾಕಿ ಅದ. ಆ ನಕ್ಷೆದಾಗ ಸರಿಯಾಗಿ ನೋಡು. ಹೆರಿಗಿ ಎಲ್ಲಿ ಆಗ್ಯಾದೋ ಅದೇ ಜಗಾ ಬೇಕು. ಪೋರನ ಬಾಳೇದ ಪ್ರಶ್ನ ಅದ, ತಪ್ಪಬಾರದು."

ಅವ್ವ ಅಲ್ಲೇ ನಿಂತಿದ್ದಳೆಂದು ಕಾಣುತ್ತದೆ, ಫೋನು ಅವಳ ಕೈಗೆ ಬಂತು. "ಚಹಾ ಆತೇನು ನಿಂದು?" ಅಂದಳು. ಆತವ್ವ ಅಂದೆ. ಆಗಿರಲಿಲ್ಲ.

ಫೋನ್ ಇಟ್ಟು ನೀರಿನ ಟಾಕಿ ಹುಡುಕಿದೆ. ಬೇಗನೇ ಸಿಕ್ಕಿತು. ಅದರ ಪಕ್ಕದ ಮಾಳಿಗೆಯನ್ನು ಪರದೆಯ ನಡುವೆ ತಂದು, ಎರಡು ಅಂಕಿ ಎತ್ತಿ, ಎರಡೆರಡು ಸಲ ತಾಳೆ ನೋಡಿ ಹಾಕಿದೆ. ಕೂಸಿನ ಮೇಲೆ ನನಗೆ ಯಾವ ಸಿಟ್ಟೂ ಇರಲಿಲ್ಲ. ಹೆರಿಗೆ ಆದ ಜಾಗ ಬೇರೆ, ಅಪ್ಪನ ಊರು ಬೇರೆ ಎಂದು ನನ್ನಪ್ಪನಿಗೆ ಕೊನೆಗೂ ತಿಳಿದಿತ್ತು, ಟಾಕಿಯ ಗುರುತಿನ ಸಮೇತ ತಿಳಿದಿತ್ತು. ನನಗೆ ಹೇಳಬೇಕಾಗಿದ್ದ, ತಪ್ಪಾತು ಅನ್ನುವ ಆ ಒಂದು ಮಾತನ್ನು ಅವನು ಮೊಮ್ಮಗನ ಜಾತಕಕ್ಕೆ ಕೊಟ್ಟುಬಿಟ್ಟ.